ಸಣ್ಣ ಕಾರು ಕೊಳ್ಳುವವರಿಗೆ ಮಾಹಿತಿ: ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ಬಹುತೇಕ ಮನೆಗಳು ತೋಟದ ನಡುವೆ ಅಥವಾ ಗುಡ್ಡದ ಬದಿಯಲ್ಲಿ ದೂರದೂರವಾಗಿ ಇರುತ್ತವೆ. ಬಸ್ಸು ಬರುವ ರಸ್ತೆಯಿಂದ ಮನೆಯಂಗಳಕ್ಕೆ ಹೋಗುವ ದಾರಿ ಕಿರಿದಾಗಿಯೂ ಕಡಿದಾಗಿಯೂ ಇರುವುದು ಸಾಮಾನ್ಯ. ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಇಂಥ ದಾರಿಯಲ್ಲಿ ಸುಲಭವಾಗಿ ತಿರುಗುವ, ಕಡಿಮೆ ಇಂಧನದಲ್ಲಿ ಓಡುವ ಸಣ್ಣ ಕಾರು ಅನೇಕ ಕುಟುಂಬಗಳಿಗೆ ಅಗತ್ಯವಾಗಿದೆ. ಈ ಬಗ್ಗೆ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

1983ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800, 796 ಸಿ.ಸಿ. ಸಾಮರ್ಥ್ಯದ ಮೂರು ಸಿಲಿಂಡರ್ ಎಂಜಿನ್ ಹೊಂದಿತ್ತು. ಮಧ್ಯಮ ವರ್ಗದ ಅಸಂಖ್ಯ ಮನೆಗಳಿಗೆ ಅದೇ ಮೊದಲ ಕಾರಾಯಿತು. ಅದರ ತಯಾರಿಕೆ 2014ರಲ್ಲಿ ನಿಂತಿತು. 2008ರಲ್ಲಿ ಪ್ರದರ್ಶಿಸಲಾಗಿ 2009ರಲ್ಲಿ ಮಾರಾಟಕ್ಕೆ ಬಂದ ಟಾಟಾ ನ್ಯಾನೋ 624 ಸಿ.ಸಿ.ಯ ಎರಡು ಸಿಲಿಂಡರ್ ಕಾರಾಗಿತ್ತು. ಅದರ ತಯಾರಿಕೆಯೂ ಈಗ ನಿಂತಿದೆ. ಆದರೂ ಇಂತಹ ಹಳೆಯ ಕಾರುಗಳು ಇಂದಿಗೂ ಕೈ ಬದಲಾಗುತ್ತಿವೆ.

ಉಳಿತಾಯ ಹೇಗೆ?

ಕಾರಿನ ತೂಕ ಕಡಿಮೆಯಾದಷ್ಟೂ ಅದನ್ನು ಚಲಿಸುವಂತೆ ಮಾಡಲು ಮತ್ತು ಏರು ಹತ್ತಿಸಲು ಬೇಕಾಗುವ ಶಕ್ತಿ ಕಡಿಮೆ. ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಲೀಟರಿಗೆ 12 ಕಿ.ಮೀ. ಕೊಡುವ ಕಾರಿನಲ್ಲಿ ಸುಮಾರು 83 ಲೀಟರ್ ಬೇಕಾದರೆ, 20 ಕಿ.ಮೀ. ಕೊಡುವ ಕಾರಿನಲ್ಲಿ 50 ಲೀಟರ್ ಸಾಕು. ತಯಾರಕರು ಪ್ರಕಟಿಸುವ ಮೈಲೇಜ್ ನಿಗದಿತ ಪರೀಕ್ಷೆಯಲ್ಲಿ ದೊರೆತದ್ದು. ಏರುದಾರಿ, ಹವಾನಿಯಂತ್ರಣದ ಬಳಕೆ ಮತ್ತು ಹೆಚ್ಚಿನ ಭಾರದಿಂದ ಅದು ಕಡಿಮೆಯಾಗುತ್ತದೆ.

ತೆರಿಗೆ ಮತ್ತು ವಿಮೆ

1. ಉದ್ದ 4 ಮೀಟರ್ ಹಾಗೂ ಎಂಜಿನ್ 1,200 ಸಿ.ಸಿ. ಮೀರದ ಪೆಟ್ರೋಲ್ ಕಾರು ಮತ್ತು ಅದೇ ಉದ್ದದ, 1,500 ಸಿ.ಸಿ. ಮೀರದ ಡೀಸೆಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 18ಕ್ಕೆ ಇಳಿಸಲಾಗಿದೆ.

2. ರಾಜ್ಯದ ಜೀವಿತಾವಧಿ ತೆರಿಗೆಯನ್ನು ಕಾರಿನ ಬೆಲೆಯ ಆಧಾರದಲ್ಲಿ ವಿಧಿಸಲಾಗುತ್ತದೆ. ಬೆಲೆ ಏರಿದಂತೆ ತೆರಿಗೆಯ ದರವೂ ಏರುವುದರಿಂದ ಕಡಿಮೆ ಬೆಲೆಯ ಕಾರಿಗೆ ಎರಡು ಬಗೆಯ ಅನುಕೂಲವಿದೆ. ಇದರ ಮೇಲಿನ ಉಪಕರ ಪ್ರತ್ಯೇಕ.

3. ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಹೊಸ ಕಾರಿಗೆ ಇದನ್ನು ಒಮ್ಮೆಗೇ ಮೂರು ವರ್ಷಗಳಿಗೆ ಪಡೆಯತಕ್ಕದ್ದು. 2022ರಲ್ಲಿ ನಿಗದಿಯಾದ ವಾರ್ಷಿಕ ದರ 1,000 ಸಿ.ಸಿ. ಮೀರದ ಕಾರಿಗೆ ರೂ. 2,094 ಇದ್ದರೆ, 1,000ದಿಂದ 1,500 ಸಿ.ಸಿ.ವರೆಗಿನ ಕಾರಿಗೆ ರೂ. 3,416 ಇತ್ತು.

ಹಳೆಯ ಕಾರು ಕೊಳ್ಳುವವರ ವಿಶೇಷ ಗಮನಕ್ಕೆ

ಪರಿಚಯಸ್ಥರಿಂದ ಕಾರು ಕೊಂಡು, ಹಣ ಕೊಟ್ಟು, ಕೀಲಿಕೈ ಪಡೆದ ಮಾತ್ರಕ್ಕೆ ಮಾಲೀಕತ್ವ ವರ್ಗಾವಣೆ ಪೂರ್ಣವಾಗುವುದಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಪರಿಗಣಿಸಿ, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಆ ಪ್ರಕರಣದಲ್ಲಿ ಕಾರು ಹಲವರ ಕೈ ದಾಟಿದ್ದರೂ ನೋಂದಣಿ ಮೊದಲ ಮಾಲೀಕರ ಹೆಸರಿನಲ್ಲಿಯೇ ಉಳಿದಿತ್ತು. ಆದುದರಿಂದ ವರ್ಗಾವಣೆಯಲ್ಲಿ ಮಾರಿದವರ ಹಿತವೂ ಅಡಗಿದೆ.

ಮಾಡಬೇಕಾದ ಕ್ರಮಗಳು:

1. ರಾಜ್ಯದೊಳಗಿನ ವರ್ಗಾವಣೆಯನ್ನು ಮಾರಾಟಗಾರರು 14 ದಿನಗಳೊಳಗೆ ನಮೂನೆ 29ರಲ್ಲಿ ತಿಳಿಸತಕ್ಕದ್ದು. ಖರೀದಿದಾರರು 30 ದಿನಗಳೊಳಗೆ ನಮೂನೆ 30ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

2. ಅರ್ಜಿಯೊಂದಿಗೆ ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರ ಮತ್ತು ವಿಳಾಸದ ಪುರಾವೆ ಲಗತ್ತಿಸಬೇಕು. ಕಾರಿನ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಅಗತ್ಯ.

3. ವಿಮೆಯನ್ನೂ ತಮ್ಮ ಹೆಸರಿಗೆ ಬದಲಾಯಿಸಲು ಖರೀದಿದಾರರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಕೊಡಬೇಕು.

4. ಕಾಸರಗೋಡು ಕಡೆಯಿಂದ ಕೇರಳ ನೋಂದಣಿಯ ಕಾರು ತರುವವರು ಅಲ್ಲಿನ ನೋಂದಣಿ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆದು, ಇಲ್ಲಿ ಕಾರಿನ ವಯಸ್ಸಿಗೆ ಅನ್ವಯಿಸುವ ತೆರಿಗೆ ಪಾವತಿಸತಕ್ಕದ್ದು. ಈ ಮೊತ್ತವನ್ನು ಸೇರಿಸಿ ಲೆಕ್ಕ ಹಾಕಿದ ಬಳಿಕವೇ ಬೆಲೆ ನಿರ್ಧರಿಸುವುದು ಸೂಕ್ತ.

5. ನೋಂದಣಿಯ ಅವಧಿ 15 ವರ್ಷ. ಬಳಿಕ ಕಾರನ್ನು ತಪಾಸಣೆಗೆ ಹಾಜರುಪಡಿಸಿ, ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಅವಧಿ ಮುಗಿಯುತ್ತಾ ಬಂದ ಕಾರು ಅಗ್ಗವೆಂದು ಕಂಡರೂ ದುರಸ್ತಿ ಮತ್ತು ನವೀಕರಣದ ವೆಚ್ಚ ಕೊಂಡವರ ಮೇಲೆ ಬೀಳುತ್ತದೆ.

ಸಣ್ಣ ಕಾರಿನ ಮಿತಿಗಳು

ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಿಸಿದ ಆಸನಗಳಿಗಿಂತ ಹೆಚ್ಚು ಜನರನ್ನು ಕೂರಿಸಬಾರದು. ಭಾರ ಹೆಚ್ಚಿದಲ್ಲಿ ಬ್ರೇಕ್ ಹಾಕಿದ ನಂತರ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಉಜಿರೆಯಿಂದ ಚಾರ್ಮಾಡಿ ಘಾಟಿಯ ಮೂಲಕ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಂತಹ ಇಳಿಜಾರುಗಳಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ಎಂಜಿನ್ ಆರಿಸಿ ಇಳಿಯುವುದು ಅಪಾಯಕರ. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಈ ಘಾಟಿಯಲ್ಲಿ ಸಂಚಾರ ಸ್ಥಗಿತಗೊಂಡಿತ್ತು. ಮಳೆಗಾಲದಲ್ಲಿ ರಸ್ತೆಯ ಸ್ಥಿತಿ ತಿಳಿದೇ ಹೊರಡಬೇಕು. ತಗ್ಗಾದ, ಹಗುರವಾದ ಕಾರನ್ನು ನೀರು ಹರಿಯುವ ಸೇತುವೆಯ ಮೇಲೆ ಎಂದಿಗೂ ಇಳಿಸಬಾರದು.

ಖಾಸಗಿ ಬಳಕೆಗೆ ನೋಂದಾಯಿಸಿದ, ಬಿಳಿ ಫಲಕದ ಕಾರನ್ನು ಬಾಡಿಗೆಗೆ ಓಡಿಸುವುದು ಪರವಾನಗಿಯ ಉಲ್ಲಂಘನೆಯಾಗಿದ್ದು, ಅಪಘಾತದ ಸಂದರ್ಭದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗಬಹುದು.

ಅರ್ಜಿ ಸಲ್ಲಿಕೆ

ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ಶುಲ್ಕ ಪಾವತಿಸಬಹುದು. ಬಂಟ್ವಾಳ ಕಚೇರಿಯ ನೋಂದಣಿ ಸಂಕೇತ ಕೆಎ-70. ತೆರಿಗೆ, ಶುಲ್ಕ ಮತ್ತು ವಿಮೆಯ ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಪಾವತಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕು. ಕಾರು ಕೈಗೆ ಬಂದ ದಿನವೇ ವರ್ಗಾವಣೆಯ ನಮೂನೆಗಳಿಗೂ ಸಹಿ ಪಡೆದುಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.