ಸುಣ್ಣದ ಗೋಡೆಯ ಮನೆಯಲ್ಲಿ ಮೂರು ರಾತ್ರಿ

ಇಂಗ್ಲೆಂಡಿನ ಕಡಲತೀರ ಎಂದರೆ ಮಲ್ಪೆ, ಗೋಕರ್ಣದ ಹಾಗೆ ಎಂದುಕೊಂಡು ಯಾರೂ ಹೋಗಬೇಡಿ. ಜುಲೈ ತಿಂಗಳಲ್ಲೂ ಜಾಕೆಟ್ ಬೇಕು. ನೀರಿಗೆ ಕಾಲಿಟ್ಟರೆ ಪಾದ ಮರಗಟ್ಟುತ್ತದೆ. ಆದರೂ ಅಲ್ಲಿನ ಜನ ನೂರೈವತ್ತು ವರ್ಷಗಳಿಂದ ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಅಲ್ಲಿಗೇ ಓಡುತ್ತಾರೆ.

ಪುಣೆಯ ನಮ್ಮ ಕಂಪನಿ ನನ್ನನ್ನು ಮೂರು ತಿಂಗಳ ಪ್ರಾಜೆಕ್ಟ್‌ಗೆಂದು ಲೀಡ್ಸ್‌ಗೆ ಕಳುಹಿಸಿತ್ತು. ಹೆಂಡತಿ ಮತ್ತು ಐದು ವರ್ಷದ ಮಗಳು ಎರಡು ವಾರದ ಮಟ್ಟಿಗೆ ಬಂದಿದ್ದರು. ಹೈದರಾಬಾದ್ ಆಫೀಸಿನಿಂದ ಬಂದಿದ್ದ ಹುಬ್ಬಳ್ಳಿಯ ಸಹೋದ್ಯೋಗಿಯ ಕುಟುಂಬವೂ ಜತೆಗೂಡಿತು. ಎರಡೂ ಮನೆಯವರು ಸೇರಿ ಉತ್ತರ ಯಾರ್ಕ್‌ಷೈರಿನ ಸಾಲ್ಟ್‌ಬರ್ನ್ ಎಂಬ ಊರಿನಲ್ಲಿ ಒಂದು ವಿಕ್ಟೋರಿಯನ್ ಮನೆಯನ್ನು ಮೂರು ರಾತ್ರಿಗೆ ಬಾಡಿಗೆಗೆ ಹಿಡಿದೆವು. 390 ಪೌಂಡ್. ರೂಪಾಯಿಗೆ ಲೆಕ್ಕ ಹಾಕಬಾರದು ಎಂದು ಹೊರಡುವಾಗಲೇ ತೀರ್ಮಾನವಾಗಿತ್ತು, ಆದರೂ ಎಲ್ಲರೂ ಹಾಕಿದೆವು.

ಈ ಊರು ತಾನಾಗಿ ಬೆಳೆದದ್ದಲ್ಲ, ರೈಲಿನವರು ಕಟ್ಟಿದ್ದು. 1825ರಲ್ಲಿ ಉಗಿಬಂಡಿ ಓಡಿಸಿದ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲ್ವೆಯ ಹಿಂದೆ ಪೀಸ್ ಎಂಬ ಕ್ವೇಕರ್ ಕುಟುಂಬವಿತ್ತು. ಆ ಮನೆತನದ ಹೆನ್ರಿ ಪೀಸ್ ಸಮುದ್ರದ ಮೇಲಿನ ಕಡಿದಾದ ಗುಡ್ಡ ನೋಡಿ ಇಲ್ಲೊಂದು ಊರು ಕಟ್ಟಬಹುದು ಎಂದು ಲೆಕ್ಕ ಹಾಕಿದ. 1861ರಲ್ಲಿ ರೈಲು ಬಂತು, 1863ರಲ್ಲಿ ಹೋಟೆಲ್, 1869ರಲ್ಲಿ ಸಮುದ್ರದೊಳಕ್ಕೆ ಚಾಚಿದ ಪಿಯರ್. ಬೀದಿಗಳಿಗೆ ರೂಬಿ, ಎಮರಾಲ್ಡ್, ಪರ್ಲ್, ಡೈಮಂಡ್ ಎಂದು ರತ್ನಗಳ ಹೆಸರಿಟ್ಟರು. ಇವತ್ತಿನ ಲೇಔಟ್ ಡೆವಲಪರ್‌ಗಳಿಗೆ ಈತನೇ ಮೂಲಪುರುಷ ಅನ್ನಬಹುದು. ವ್ಯತ್ಯಾಸ ಏನೆಂದರೆ, ಇವನು ರಸ್ತೆ, ರೈಲು ಮೊದಲು ತಂದು ಆಮೇಲೆ ಸೈಟು ಮಾರಿದ. 1871ರಲ್ಲಿ ಕಾನೂನಿನ ಮೂಲಕ ಬ್ಯಾಂಕ್ ಹಾಲಿಡೇಗಳು ಬಂದ ಮೇಲೆ ಇಂಥ ಊರುಗಳಿಗೆ ರೈಲು ತುಂಬಾ ಜನ.

ನಮ್ಮ ಮನೆ ಸಾಲುಮನೆಗಳಲ್ಲಿ ಒಂದು. ಕೆನೆಬಣ್ಣದ ಇಟ್ಟಿಗೆ, ಮೂರು ಅಂತಸ್ತು, ಮುಂದಕ್ಕೆ ಉಬ್ಬಿದ ದೊಡ್ಡ ಕಿಟಕಿ. ಬ್ರಿಟನ್ನಿನಲ್ಲಿ ಒಂದು ಕಾಲದಲ್ಲಿ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆ ಇತ್ತು. ಗಾಜಿನ ಮೇಲಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ರದ್ದಾದವು. ಅದಾದ ಹತ್ತೇ ವರ್ಷಕ್ಕೆ ಹುಟ್ಟಿದ ಊರಿನಲ್ಲಿ ಕಿಟಕಿಗಳು ಇಷ್ಟು ಧಾರಾಳವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಮಗಳಿಗೆ ಹಿಡಿಸಿದ್ದು ಆ ಕಿಟಕಿಯೇ. ಅಷ್ಟು ಭಾರದ ಗಾಜಿನ ಚೌಕಟ್ಟನ್ನು ಅವಳು ಎರಡು ಬೆರಳಿನಲ್ಲಿ ಮೇಲಕ್ಕೆ ತಳ್ಳುತ್ತಿದ್ದಳು, ಬಿಟ್ಟಲ್ಲೇ ನಿಲ್ಲುತ್ತಿತ್ತು. ಎರಡೂ ಪಕ್ಕದ ಮರದ ಪೆಟ್ಟಿಗೆಯೊಳಗೆ ಕಬ್ಬಿಣದ ಗುಂಡುಗಳು ಹಗ್ಗಕ್ಕೆ ತೂಗಿಕೊಂಡಿವೆ. ಎರಡು ಗುಂಡು ಸೇರಿದರೆ ಚೌಕಟ್ಟಿನಷ್ಟೇ ತೂಕ. ನಮ್ಮ ಹಳ್ಳಿಯ ಏತದ ಕಲ್ಲು ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಊರಿನ ಲಿಫ್ಟ್ ಕೂಡ ಹೀಗೇ. ಗುಡ್ಡದ ಮೇಲಿಂದ ಮರಳಿಗೆ ಸುಮಾರು 120 ಅಡಿ ಇಳಿಸುವ ಆ ಬಂಡಿ 1884ರದ್ದು. ಎರಡು ಬಂಡಿಗಳು ಒಂದೇ ಹಗ್ಗಕ್ಕೆ ಕಟ್ಟಿವೆ. ಮೇಲಿನದರ ತೊಟ್ಟಿಗೆ ನೀರು ತುಂಬಿದರೆ ಅದು ಭಾರವಾಗಿ ಇಳಿಯುತ್ತದೆ, ಕೆಳಗಿನದು ಏರುತ್ತದೆ. ಕೆಳಗೆ ಬಂದ ಮೇಲೆ ನೀರು ಬಿಟ್ಟು, ಪಂಪಿನಿಂದ ಮತ್ತೆ ಮೇಲೆ ಹತ್ತಿಸುತ್ತಾರೆ. ಎಂಟೆಕ್ ಮಾಡಿದ ನಾವಿಬ್ಬರು ಗಂಡಸರು ಅದನ್ನು ನೋಡುತ್ತ ಮುಕ್ಕಾಲು ಗಂಟೆ ನಿಂತೆವು. ಹೆಂಡತಿಯರು ಮಕ್ಕಳನ್ನು ಕರೆದುಕೊಂಡು ಐಸ್‌ಕ್ರೀಮಿಗೆ ಹೋದರು.

ಎರಡನೆಯ ದಿನ ಮನೆಯೊಡತಿ ಬಂದರು. ನಿವೃತ್ತ ಶಿಕ್ಷಕಿ, ಪಕ್ಕದ ಬೀದಿಯಲ್ಲೇ ವಾಸ. ಗೋಡೆ ಚೆನ್ನಾಗಿದೆ ಎಂದು ನಾನು ಅಂದದ್ದೇ ತಡ, ಒಂದು ಗಂಟೆ ಪಾಠವಾಯಿತು. ಇಟ್ಟಿಗೆಗಳನ್ನು ಮೂಲದಲ್ಲಿ ಸುಣ್ಣದ ಗಾರೆಯಿಂದ ಕಟ್ಟಿದ್ದರು. ಮಳೆ ಬಂದರೆ ಗೋಡೆ ನೀರು ಕುಡಿಯುತ್ತದೆ, ಗಾಳಿ ಬಿಸಿಲಿಗೆ ಆ ನೀರು ಸುಣ್ಣದ ಸಂದಿಯಿಂದ ಆರಿಹೋಗುತ್ತದೆ. ಹಿಂದಿನ ಮಾಲೀಕರು ಯಾರೋ ‘ಗಟ್ಟಿ’ ಮಾಡುವ ಹುಮ್ಮಸ್ಸಿನಲ್ಲಿ ಸಂದಿಗಳಿಗೆಲ್ಲ ಸಿಮೆಂಟ್ ತುಂಬಿಸಿದರು. ನೀರಿಗೆ ಹೊರದಾರಿ ಇಲ್ಲವಾಯಿತು. ಅದು ಇಟ್ಟಿಗೆಯ ಮೂಲಕವೇ ಹೊರಬರತೊಡಗಿತು. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ, ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗೆ ಬೂಷ್ಟು. ಇವರು ಮನೆ ಕೊಂಡ ಮೇಲೆ ಸಿಮೆಂಟನ್ನೆಲ್ಲ ಕೆರೆದು ತೆಗೆಸಿ ಮತ್ತೆ ಸುಣ್ಣ ತುಂಬಿಸಿದರಂತೆ. ಎರಡು ವರ್ಷದ ಕೆಲಸ. ಗಾರೆ ಗೊತ್ತಿರುವ ಮೇಸ್ತ್ರಿ ಸಿಗುವುದಕ್ಕೇ ಆರು ತಿಂಗಳು ಹಿಡಿಯಿತಂತೆ. “ಇಲ್ಲಿ ಬಾಡಿಗೆ ಬರದಿದ್ದರೆ ಈ ಗೋಡೆ ಸಾಕಲು ನಮ್ಮಿಂದ ಆಗುತ್ತಿರಲಿಲ್ಲ” ಅಂದರು.

ಬಾಡಿಗೆಯ ಇನ್ನೊಂದು ಮುಖ ಸಂಜೆ ವಾಕಿಂಗ್ ಹೋದಾಗ ಕಂಡಿತು. ನಮ್ಮ ಸಾಲಿನ ಹದಿನಾಲ್ಕು ಬಾಗಿಲುಗಳಲ್ಲಿ ಒಂಬತ್ತರ ಪಕ್ಕ ನಂಬರ್ ಒತ್ತಿ ತೆರೆಯುವ ಕೀಲಿಕೈ ಡಬ್ಬಿಗಳು. ಅಂದರೆ ಅಲ್ಲಿರುವವರೆಲ್ಲ ನಮ್ಮಂತೆ ಮೂರು ದಿನದವರು. ಚಳಿಗಾಲದಲ್ಲಿ ಬೀದಿಯ ಅರ್ಧಕ್ಕರ್ಧ ಕತ್ತಲೆ ಎಂದು ಮನೆಯೊಡತಿಯೇ ಹೇಳಿದರು. ಇದೇ ಕರಾವಳಿಯಲ್ಲಿ ದಕ್ಷಿಣಕ್ಕಿರುವ ವಿಟ್ಬಿಯಲ್ಲಿ 2022ರ ಜೂನ್‌ನಲ್ಲಿ ಜನಾಭಿಪ್ರಾಯ ಕೇಳಿದಾಗ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಪೂರ್ತಿ ವಾಸಿಸುವವರಿಗೆ ಮಾತ್ರ ಸಿಗಬೇಕು ಎಂದು ಮತ ಹಾಕಿದವರಲ್ಲಿ ಶೇ 90ಕ್ಕಿಂತ ಹೆಚ್ಚು ಮಂದಿ ಹೇಳಿದರು. ಅದಕ್ಕೆ ಕಾನೂನಿನ ಬಲವೇನೂ ಇರಲಿಲ್ಲ. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಎರಡನೆಯ ಮನೆಗೆ ದುಪ್ಪಟ್ಟು ತೆರಿಗೆ ಹಾಕಬಹುದು. ಮನೆಯನ್ನು ಉಳಿಸುವ ದುಡ್ಡೇ ಊರಿನವರನ್ನು ಹೊರಗೆ ಹಾಕುತ್ತಿದೆ. ಇದಕ್ಕೆ ಸುಲಭದ ಪರಿಹಾರ ನನಗಂತೂ ತೋಚಲಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ನಾಲ್ಕು ವರ್ಷದ ಹಿಂದೆ ದೊಡ್ಡಪ್ಪನ ಮಗ ಜಗಲಿಯ ಕಡೆಗೆ ಸಿಮೆಂಟ್ ಗಿಲಾವು ಮಾಡಿಸಿದ. ಮರುವರ್ಷದ ಮಳೆಗಾಲಕ್ಕೆ ಬುಡದಿಂದ ಮೊಣಕಾಲೆತ್ತರಕ್ಕೆ ಹಪ್ಪಳದಂತೆ ಎದ್ದು ಬಂತು. ಎಲ್ಲರೂ ಮಣ್ಣಿನ ಗೋಡೆಯನ್ನೇ ಬೈದರು. ಈಗ ಮನೆ ಕೆಡವಿ ಆರ್‌ಸಿಸಿ ಹೋಂಸ್ಟೇ ಕಟ್ಟುವ ಮಾತು ನಡೆದಿದೆ. ಮೂರು ಪಾಲಿನವರಲ್ಲಿ ಇಬ್ಬರು ಒಪ್ಪಿದ್ದಾರೆ. ಉಳಿದದ್ದು ಅಪ್ಪಯ್ಯನ ಸಹಿ.

ಸಾಲ್ಟ್‌ಬರ್ನ್‌ನಿಂದಲೇ ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿ ಗೋಡೆ ತೋರಿಸಿದೆ, ಸುಣ್ಣದ ಕಥೆ ಹೇಳಿದೆ. ಪೂರ್ತಿ ಕೇಳಿದರು. “ಅದೆಲ್ಲ ಸರಿ ಮಾರಾಯ. ಆ ಹೆಂಗಸು ಪಕ್ಕದ ಬೀದೀಲೇ ಇದಾರೆ. ನಮ್ಮನೇಗೆ ಸುಣ್ಣ ಹಚ್ಚಿದ್ಮೇಲೆ ದೀಪ ಹಚ್ಚೋರು ಯಾರು, ನೀನು ಪುಣೆಯಿಂದ ಬರ್ತೀಯಾ?” ಅಂದರು. ವರ್ಕ್ ಫ್ರಂ ಹೋಮ್ ಎಂದು ಬಾಯಿಗೆ ಬಂತು. ಅಲ್ಲಿ ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು ಎಂಬುದು ಅವರಿಗೂ ಗೊತ್ತು.

ದೀಪಾವಳಿಗೆ ಎಲ್ಲರೂ ಸೇರುತ್ತೇವೆ, ಅಲ್ಲಿಯವರೆಗೆ ಸಹಿ ಹಾಕುವುದಿಲ್ಲ ಎಂದು ಅಪ್ಪಯ್ಯ ಹೇಳಿದ್ದಾರೆ. ಜಗಲಿಯ ಒಂದು ಗೋಡೆಯ ಸಿಮೆಂಟ್ ಕೀಳಿಸಿ, ಮಣ್ಣು ಸುಣ್ಣದ ಗಿಲಾವು ಹಾಕಿಸಿ ಒಂದು ಮಳೆಗಾಲ ನೋಡೋಣ ಎಂಬುದು ನನ್ನ ಕೋರಿಕೆ. ಖರ್ಚು ನನ್ನದು. ಶಿವಮೊಗ್ಗ, ಕೊಪ್ಪ ಕಡೆ ಹಳೇ ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ.