ಒಣಸೀಮೆಯ ಕೆರೆಗೆ ಹಕ್ಕಿಗಳ ಒಕ್ಕಲು

ಬಾಗಳಿಯ ಕಲ್ಲೇಶ್ವರ ಗುಡಿ ನೋಡಲು ಹರಪನಹಳ್ಳಿ ಕಡೆ ಬರುವವರೂ, ಹಂಪಿಗೆಂದು ಹೊಸಪೇಟೆಯಲ್ಲಿ ಇಳಿಯುವವರೂ ನಡುವಿನ ಹಗರಿಬೊಮ್ಮನಹಳ್ಳಿ ತಾಲ್ಲೂಕನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗುವುದೇ ಹೆಚ್ಚು. ಕಣ್ಣಿಗೆ ಬೀಳುವುದು ಮೆಕ್ಕೆಜೋಳ, ಜೋಳ, ಸಜ್ಜೆ, ಶೇಂಗಾದ ಹೊಲಗಳು, ಬದುವಿನ ಮೇಲೆ ಬಳ್ಳಾರಿ ಜಾಲಿ, ದೂರದಲ್ಲಿ ಬೋಳು ಗುಡ್ಡ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೇರಿ ಈ ಐದೂ ತಾಲ್ಲೂಕುಗಳ ಹೆಸರು ಪತ್ರಿಕೆಗಳಲ್ಲಿ ಬರುವುದು ಬಹುಪಾಲು ಬರಗಾಲದ ಸುದ್ದಿಯ ಜೊತೆಗೇ. ಇಂಥ ಸೀಮೆಯ ಅಂಕಸಮುದ್ರ ಎಂಬ ಊರಿನ ಕೆರೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿರುವುದು 2024ರ ಜನವರಿ 31ರಂದು ಪ್ರಕಟವಾಯಿತು. ಅದರ ಜೊತೆಗೇ ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆಗಳ ಹೆಸರೂ ಬಂತು. ಅದಕ್ಕೆ ಮೊದಲು ಆ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ. ಇಷ್ಟು ದೊಡ್ಡ ಮನ್ನಣೆ ಬಂದ ಮೇಲೆ ಕೆರೆಯನ್ನು ಪ್ರವಾಸಿ ತಾಣ ಮಾಡಬೇಕೆಂಬ ಮಾತು ಏಳುವುದು ಸಹಜ. ನೋಡಲೇಬೇಕಾದ ಜಾಗ ಅದು, ಅನುಮಾನವಿಲ್ಲ. ಆದರೆ ನೋಡಲು ಹೋಗುವವರೂ ಯೋಜನೆ ಹಾಕುವವರೂ ಒಂದನ್ನು ಮರೆಯಬಾರದು. ಅಂಕಸಮುದ್ರಕ್ಕೆ ಹಕ್ಕಿಗಳು ಬಂದದ್ದು ಅದು ರೈತರ ಕೆರೆಯಾಗಿದ್ದುದರಿಂದ. ಅದು ಕೆರೆಯಾಗಿ ಬಾಳುವುದು ನಿಂತರೆ ಹಕ್ಕಿಧಾಮವಾಗಿಯೂ ಉಳಿಯುವುದಿಲ್ಲ.

ಕೆರೆಯ ವಿಸ್ತೀರ್ಣ 98.76 ಹೆಕ್ಟೇರ್, ಅಂದರೆ ಸುಮಾರು 244 ಎಕರೆ. ದೊಡ್ಡ ಕೆರೆಯೇನಲ್ಲ. ಆದರೂ ರಾಮ್ಸರ್ ದಾಖಲೆಯ ಪ್ರಕಾರ ಇಲ್ಲಿ 240 ಜಾತಿಯ ಹಕ್ಕಿಗಳಿವೆ, 41 ಬಗೆಯ ಮೀನುಗಳಿವೆ, 210ಕ್ಕೂ ಹೆಚ್ಚು ಬಗೆಯ ಗಿಡಮರಗಳಿವೆ. ಗೂಡು ಕಟ್ಟಲು, ರಾತ್ರಿ ತಂಗಲು ಬರುವ ನೀರುಹಕ್ಕಿಗಳ ಸಂಖ್ಯೆ 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲುಗಳ ವಿಷಯದಲ್ಲಂತೂ ಈ ಭಾಗದ ಅವುಗಳ ಒಟ್ಟು ಸಂಖ್ಯೆಯ ನೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲಿಗೆ ಈ ಒಂದು ಕೆರೆಯೇ ಆಸರೆ. ನೀರೊಳಗೆ ನಿಂತ ಕರಿಜಾಲಿ ಮರಗಳೇ ಅವುಗಳ ಕೇರಿ. ಬಣ್ಣದ ಕೊಕ್ಕರೆ ಬೇಟೆಯಾಡುವ ರೀತಿ ನೋಡುವಂಥದ್ದು. ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ, ತಲೆಯನ್ನು ಅತ್ತಿತ್ತ ತೂಗುತ್ತ ನಿಧಾನವಾಗಿ ಹೆಜ್ಜೆ ಹಾಕುತ್ತದೆ. ಕಣ್ಣಿಂದ ಹುಡುಕುವ ಗೋಜಿಗೆ ಹೋಗುವುದಿಲ್ಲ. ಮೀನು ತಾಗಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಲಕಿದ ಕೆರೆನೀರಿಗೆ ಇದಕ್ಕಿಂತ ತಕ್ಕ ಉಪಾಯ ಇನ್ನೊಂದಿಲ್ಲ. ಗೂಡಿನಲ್ಲಿ ಮರಿಗಳಿದ್ದಾಗ ತಾಯಿಯೋ ತಂದೆಯೋ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆಗಳನ್ನು ಅರ್ಧ ಬಿಚ್ಚಿ ನೆರಳು ಮಾಡಿ ನಿಲ್ಲುತ್ತದೆ. ನಮ್ಮ ಕಡೆಯ ಬಿಸಿಲಿಗೆ ಆ ನೆರಳು ಸ್ವಲ್ಪ ಹೊತ್ತು ತಪ್ಪಿದರೂ ಬೋಳು ಮೈಯ ಮರಿ ಬದುಕುವುದು ಕಷ್ಟ.

ಇದು ಮನುಷ್ಯರು ಕಟ್ಟಿದ ಕೆರೆ, ಇದನ್ನು ನಿಸರ್ಗ ತಾಣ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ಶತಮಾನಗಳ ಹಿಂದೆ ನೀರಾವರಿಗೆಂದು ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು ಕಟ್ಟಿದ ಊರಕೆರೆ ಇದು ಎಂಬುದು ನಿಜ. ಆದರೆ ಒಣಬಯಲಿನಲ್ಲಿ ನಿಂತ ನೀರು ಎಂದರೆ ಮನುಷ್ಯರು ನಿಲ್ಲಿಸಿದ ನೀರೇ. ಇಲ್ಲಿ ಬೀಳುವ ಮಳೆ ಕೆಲವೇ ದಿನಗಳಲ್ಲಿ ಸುರಿದು ಹಳ್ಳ ಸೇರಿ ಹರಿದುಹೋಗುತ್ತದೆ. ಅಡ್ಡಗಟ್ಟಿ ಹಿಡಿಯದಿದ್ದರೆ ಹಕ್ಕಿಗೂ ಇಲ್ಲ, ಮನುಷ್ಯರಿಗೂ ಇಲ್ಲ. ಬಾಗಳಿಯ ಗುಡಿಯಲ್ಲಿ ಚಾಲುಕ್ಯ ತೈಲಪನ ಕಾಲದ, ಕ್ರಿ.ಶ. 987ರ ಶಾಸನವಿದೆ. ಆ ಕಾಲದಿಂದ ಮುಂದಕ್ಕೆ ಕನ್ನಡ ನಾಡಿನ ಶಾಸನಗಳಲ್ಲಿ ಗುಡಿಗೆ ಬಿಟ್ಟ ದತ್ತಿಯಷ್ಟೇ ಗೌರವದಿಂದ ಕೆರೆಗೆ ಬಿಟ್ಟ ದತ್ತಿಗಳನ್ನೂ ಬರೆಸಿದ್ದಾರೆ. ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆ, ಕೆರೆಯ ಉಸ್ತುವಾರಿಗೆ ಬಿತ್ತುವಟ್ಟ, ದುರಸ್ತಿಗೆ ದಸವಂದ. ಹೂಳು ತೆಗೆಯಬೇಕು, ಏರಿಯ ಮೇಲೆ ಮರದ ಬೇರು ಇಳಿಯದಂತೆ ನೋಡಿಕೊಳ್ಳಬೇಕು, ತೂಬು ಎತ್ತುವುದಕ್ಕೆ ನೀರಗಂಟಿ ಇರಬೇಕು ಎಂಬ ವ್ಯವಸ್ಥೆ ಇದ್ದುದರಿಂದಲೇ ಕೆರೆಗಳು ಇಷ್ಟು ಶತಮಾನ ಬಾಳಿದವು. ಅಂಕಸಮುದ್ರದ ಹಕ್ಕಿಗಳು ಉಣ್ಣುತ್ತಿರುವುದು ಆ ದುಡಿಮೆಯ ಫಲವನ್ನು. ಮನುಷ್ಯರ ಕೈಯಿಲ್ಲದ ಜಾಗವನ್ನು ಮಾತ್ರ ನಿಸರ್ಗವೆಂದು ಕರೆಯುವುದಾದರೆ ನಮ್ಮ ಸೀಮೆಯ ನೀರುಹಕ್ಕಿಗಳಿಗೆ ವಿಳಾಸವೇ ಇರುವುದಿಲ್ಲ. ರಾಮ್ಸರ್ ಒಪ್ಪಂದವೂ ಬಳಕೆಯನ್ನು ನಿಲ್ಲಿಸಿ ಎಂದು ಹೇಳುವುದಿಲ್ಲ. ವಿವೇಕದಿಂದ ಬಳಸಿ ಎನ್ನುತ್ತದೆ.

ಆ ವಿವೇಕ ಪರೀಕ್ಷೆಗೆ ಒಳಗಾಗುವುದು ನೀರಿನ ಮಟ್ಟದಲ್ಲಿ. ಹಕ್ಕಿಧಾಮ ಎಂದ ಕೂಡಲೇ ವರ್ಷವಿಡೀ ಕೆರೆ ತುಂಬಿರಲಿ ಎಂದು ಹಾರೈಸುವವರೇ ಹೆಚ್ಚು. ತುಂಗಭದ್ರಾ ಅಣೆಕಟ್ಟೆಯ ಹಿನ್ನೀರು ಹತ್ತಿರವಿರುವ ಈ ತಾಲ್ಲೂಕಿನಲ್ಲಿ ನೀರೆತ್ತಿ ಕೆರೆ ತುಂಬಿಸುವುದು ಈಗ ಆಗದ ಕೆಲಸವೂ ಅಲ್ಲ. ಆದರೆ ಕರಿಜಾಲಿ ನೀರಲ್ಲಿ ನಿಲ್ಲಬಲ್ಲ ಮರವೇ ಹೊರತು ನೀರಲ್ಲೇ ಬದುಕುವ ಮರವಲ್ಲ. ಮಳೆಗಾಲದಿಂದ ಚಳಿಗಾಲದವರೆಗೆ ಬುಡ ಮುಳುಗಿದರೂ ತಾಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿ ಬೇರಿಗೆ ಗಾಳಿ ಸಿಗಲೇಬೇಕು. ವರ್ಷದ ಮೇಲೆ ವರ್ಷ ನೀರು ಇಳಿಯದಿದ್ದರೆ ಮರ ಒಣಗಿ ಬೀಳುತ್ತದೆ, ಅದರ ಜೊತೆಗೆ ಗೂಡಿನ ಜಾಗವೂ ಹೋಗುತ್ತದೆ. ನೀರು ಬೇಗ ಬತ್ತಿದರೆ ಇನ್ನೊಂದು ತೊಂದರೆ: ಮರದ ಸುತ್ತ ನೀರಿನ ಕಾವಲು ಇಲ್ಲವಾಗಿ ನಾಯಿ, ನರಿಗಳು ಬುಡಕ್ಕೇ ಬರುತ್ತವೆ, ಗೂಡಿಂದ ಬಿದ್ದ ಮರಿ ಅವುಗಳ ಬಾಯಿಗೆ ಬೀಳುತ್ತದೆ. ಹೀಗಾಗಿ ಹಕ್ಕಿಗೆ ಬೇಕಾದದ್ದು ಏರುವ, ಇಳಿಯುವ ಕೆರೆ. ಮಳೆಗೆ ತುಂಬಬೇಕು, ಮರಿಗಳು ಹಾರುವವರೆಗೆ ನಿಲ್ಲಬೇಕು, ಆಮೇಲೆ ಇಳಿಯಬೇಕು. ಅಚ್ಚುಕಟ್ಟಿನ ರೈತರು ತೂಬು ಎತ್ತಿ ಬೆಳೆಗೆ ನೀರು ಬಿಟ್ಟುಕೊಂಡು ನಡೆಸಿಕೊಂಡು ಬಂದ ಕ್ರಮವೂ ಹೆಚ್ಚುಕಡಿಮೆ ಇದೇ. ಇವೆರಡು ಕಾಲಮಾನಗಳು ಪೂರ್ತಿ ಹೊಂದುತ್ತವೆ ಎಂದು ಹೇಳಲಾಗದು. ಬರದ ವರ್ಷ ಕೊನೆಯ ನೀರು ಪೈರಿಗೋ ಮರಿಗೋ ಎಂಬ ಪ್ರಶ್ನೆ ನಿಜವಾಗಿಯೂ ಬರುತ್ತದೆ. ಅಂಥ ವರ್ಷಕ್ಕೆಂದು ಮೊದಲೇ ಕೂತು ಮಾತಾಡಿ ಒಂದು ಮಟ್ಟ ಗೊತ್ತುಮಾಡಿಕೊಂಡರೆ, ಹಿನ್ನೀರಿನ ನೀರನ್ನು ಆ ಕೊರತೆ ತುಂಬಲು ಮಾತ್ರ ಬಳಸಿದರೆ, ಜಗಳಕ್ಕೆ ಕಾರಣ ಕಡಿಮೆಯಾಗುತ್ತದೆ.

ಈ ಮಾತುಕತೆಗೆ ಕಾನೂನಿನಲ್ಲೇ ಜಾಗವಿದೆ. ಅಂಕಸಮುದ್ರ ಅಭಯಾರಣ್ಯವಲ್ಲ, ಸಂರಕ್ಷಣಾ ಮೀಸಲು. ಆ ಘೋಷಣೆ ಆದದ್ದು 2017ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ 36ಎ ಕಲಮಿನ ಪ್ರಕಾರ ಸರ್ಕಾರಿ ಜಾಗವನ್ನು ಹೀಗೆ ಮೀಸಲು ಮಾಡುವ ಮೊದಲು ಸ್ಥಳೀಯರೊಂದಿಗೆ ಸಮಾಲೋಚಿಸಬೇಕು. ಆಮೇಲೆ ರಚಿಸುವ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕು. ಊರಿನವರನ್ನು ಹೊರಗಿಟ್ಟರೆ ಕಾವಲು ಗಟ್ಟಿಯಾಗುತ್ತದೆ ಎಂದು ನಂಬುವವರು ಎರಡು ಊರುಗಳ ಕಥೆ ನೋಡಬೇಕು. ತಮಿಳುನಾಡಿನ ವೇಡಂತಾಂಗಲ್ ಕೆರೆಯ ಹಕ್ಕಿಗಳನ್ನು ಬ್ರಿಟಿಷ್ ಸಿಪಾಯಿಗಳು ಗುಂಡಿಟ್ಟು ಕೊಂದಾಗ ದೂರು ಒಯ್ದವರು ಅಲ್ಲಿನ ರೈತರು; 1798ರಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರನಿಂದ ಹಕ್ಕಿಗಳ ರಕ್ಷಣೆಗೆ ಕೌಲು ಬರೆಸಿಕೊಂಡವರೂ ಅವರೇ. ಹಿಕ್ಕೆ ಬಿದ್ದ ನೀರು ಗದ್ದೆಗೆ ಗೊಬ್ಬರವಾಗುವುದು ಅವರಿಗೆ ಗೊತ್ತಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಮನೆ ಹಿತ್ತಿಲ ಹುಣಸೆ ಮರಗಳಲ್ಲಿ. ಹುಣಸೆ ಕೀಳದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ, 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ರೈತನ ನಷ್ಟವನ್ನು ಇಲ್ಲವೆನ್ನುವುದು ತಪ್ಪು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಕಡಲೆಯ ಎಳೆ ಪೈರನ್ನು ಮೇಯುತ್ತವೆ. ಕೊಕ್ಕರೆ, ನೀರುಕಾಗೆಗಳು ತಿನ್ನುವ ಮೀನು ಬೆಸ್ತರ ಲೆಕ್ಕದಲ್ಲೂ ಇರುತ್ತದೆ. ಹಕ್ಕಿಯ ಮೇಲಿನ ಪ್ರೀತಿಯ ಖರ್ಚನ್ನು ಹೊಲದವರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಕೊಕ್ಕರೆ ಬೆಳ್ಳೂರಿನ ಮಾದರಿಯ ಪರಿಹಾರ ಇಲ್ಲಿಯೂ ಬೇಕು, ಅದು ಅರ್ಜಿ ಹಿಡಿದು ಅಲೆಯದೆ ಸಿಗುವಂತಿರಬೇಕು.

ಪ್ರವಾಸೋದ್ಯಮದ ಪರವಾಗಿ ಹೇಳುವ ವಾದಕ್ಕೂ ತೂಕವಿದೆ. ಮಳೆ ನೆಚ್ಚಿದ ಬೇಸಾಯ ಕೈಕೊಟ್ಟಾಗ ಗುಳೆ ಹೋಗುವ ಸೀಮೆಗೆ ನಾಲ್ಕು ಜನ ಬಂದು ಹೋದರೆ ಹೋಟೆಲಿಗೆ, ಆಟೋಗೆ, ಹುಡುಗರಿಗೆ ಕೆಲಸ ಸಿಗುತ್ತದೆ. ಹಾಗಾದರೆ ಒಣನೆಲದಲ್ಲೇ ಪ್ರವಾಸೋದ್ಯಮ ಬೆಳೆಸಿದವರ ಅನುಭವ ಏನೆಂದು ನೋಡೋಣ. ಕೆಂಪು ಸಮುದ್ರದ ತುದಿಯಲ್ಲಿ, ಮಳೆಯೇ ಇಲ್ಲವೆನ್ನಬಹುದಾದ ಮರುಭೂಮಿಯ ಅಂಚಿನ ಐಲಾತ್ ಪಟ್ಟಣಕ್ಕೆ ಹವಳದ ದಿಬ್ಬಗಳನ್ನು ನೋಡಲೆಂದೂ ಜನ ಬರುತ್ತಾರೆ. ಹನ್ನೆರಡು ಕಿಲೋಮೀಟರಿನಷ್ಟು ಕರಾವಳಿಯಲ್ಲಿ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಸಲ ಜನ ನೀರಿಗೆ ಮುಳುಗುತ್ತಿದ್ದರು. ಹೆಚ್ಚು ಮಂದಿ ಇಳಿದ ಕಡೆ ಹವಳ ಹೆಚ್ಚು ಮುರಿದಿತ್ತು; ಒಂದು ತಾಣಕ್ಕೆ ವರ್ಷಕ್ಕೆ ಐದಾರು ಸಾವಿರ ಮುಳುಗುಗಳೇ ಮಿತಿಯಾಗಿರಲಿ ಎಂದು 2002ರ ಅಧ್ಯಯನವೊಂದು ಸಲಹೆ ಮಾಡಿತು. ಅದೇ ಊರು ಕಸ ಸುರಿಯುತ್ತಿದ್ದ ಜಾಗವನ್ನು ವಲಸೆ ಹಕ್ಕಿಗಳ ತಂಗುದಾಣವಾಗಿ ಮಾಡಿ ತೋರಿಸಿದೆ ಎಂಬುದನ್ನೂ ಹೇಳಬೇಕು. ಎಷ್ಟು ಜನ ಬಂದರು ಎಂಬುದಕ್ಕಿಂತ ಎಷ್ಟು ಜನರನ್ನು ಆ ಜಾಗ ತಡೆಯಬಲ್ಲದು ಎಂಬ ಲೆಕ್ಕ ಮೊದಲು ಬೇಕು ಎಂಬುದೇ ಐಲಾತ್‌ನಿಂದ ತಿಳಿಯುವುದು. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯ ಹವಳ ನೋಡಲು ಹೋಗುವವರ ವಿಷಯದಲ್ಲೂ ಇದೇ ಲೆಕ್ಕ. ಕೆರೆಯಲ್ಲಿ ಮುರಿಯುವುದಕ್ಕೆ ಹವಳವಿಲ್ಲ, ಆದರೆ ದೋಣಿಯೊಂದು ಮರದ ಹತ್ತಿರ ಹೋದರೆ, ಡ್ರೋನ್ ಒಂದು ಗೂಡಿನ ಮೇಲೆ ಸುತ್ತಿದರೆ, ಕಾವು ಕೂತ ಹಕ್ಕಿ ಎದ್ದುಬಿಡುತ್ತದೆ. ಆಗ ಮೊಟ್ಟೆ ಬಿಸಿಲಿಗೂ ಕಾಗೆಗೂ ಸಿಗುತ್ತದೆ. ಹಾಗಾಗಿ ದೋಣಿ ವಿಹಾರ, ಏರಿಯ ಮೇಲೆ ವಿದ್ಯುದ್ದೀಪ, ದಂಡೆಗೆ ತಾಗಿದ ರೆಸಾರ್ಟು ಬೇಡವೇ ಬೇಡ. ಇನ್ನು ಯಾರನ್ನೂ ಬಿಡದೆ ಬೀಗ ಹಾಕಬೇಕು ಎನ್ನುವವರ ಮಾತೂ ಸರಿಯಲ್ಲ, ನೋಡದ ಕೆರೆಯನ್ನು ಯಾರೂ ಕಾಯುವುದಿಲ್ಲ. ಏರಿಯ ಮೇಲಿನಿಂದ ದುರ್ಬೀನಿನಲ್ಲಿ ನೋಡಿದರೆ ಹಕ್ಕಿಗೆ ತೊಂದರೆಯಿಲ್ಲ. ನವೆಂಬರಿನಿಂದ ಮಾರ್ಚಿನವರೆಗೆ ಬೆಳಗಿನ ಹೊತ್ತು ಒಳ್ಳೆಯದು. ದಾರಿ ತೋರಿಸುವವರು ಊರಿನ ಯುವಕರೇ ಆಗಿರಲಿ, ಊಟ ಹಗರಿಬೊಮ್ಮನಹಳ್ಳಿಯಲ್ಲೇ ಆಗಲಿ. ಎರಡು ದಿನ ಬಿಡುವಿದ್ದವರು ದರೋಜಿಯ ಕರಡಿಧಾಮವನ್ನೂ, ಬಾಗಳಿಯ ಕಂಬಗಳ ಮಂಟಪವನ್ನೂ ಸೇರಿಸಿಕೊಳ್ಳಬಹುದು.

ಇಷ್ಟು ಮಾಡಿದರೂ ಒಂದು ದೊಡ್ಡ ಕೆಲಸ ಬಾಕಿ ಇರುತ್ತದೆ. ಮೂವತ್ತು ಸಾವಿರ ಹಕ್ಕಿಗಳಿಗೆ 244 ಎಕರೆ ಕೆರೆ ಮಲಗಲು ಸಾಕು, ಉಣ್ಣಲು ಸಾಲದು. ಬೆಳಗಾದರೆ ಅವು ಸುತ್ತಲಿನ ಊರಕೆರೆಗಳಿಗೆ, ಗದ್ದೆಗಳಿಗೆ, ತುಂಗಭದ್ರೆಯ ಹಿನ್ನೀರಿನ ಅಂಚಿಗೆ ಹಾರುತ್ತವೆ. ಆ ಕೆರೆಗಳಿಗೆ ರಾಮ್ಸರ್ ಹೆಸರಿಲ್ಲ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯಂತೂ ನೀರಾವರಿಗೆಂದೇ ಕಟ್ಟಿದವನ್ನು ಹೊರಗಿಟ್ಟಿದೆ. ಅಂದರೆ ಅಂಕಸಮುದ್ರಕ್ಕೆ ಸಿಕ್ಕ ರಕ್ಷಣೆ ಅದರ ನೆರೆಯ ಕೆರೆಗಳಿಗೆ ತಾನಾಗಿ ಸಿಗುವುದಿಲ್ಲ. ಒತ್ತುವರಿಯ ಜೊತೆಗೆ ಈಗ ಅವುಗಳಿಗೆ ಒದಗಿರುವ ಅಪಾಯ ಹೂಳೆತ್ತುವ ರೀತಿಯದು. ಹೂಳು ತೆಗೆಯಬಾರದು ಎಂದು ಯಾರೂ ಹೇಳುವುದಿಲ್ಲ, ಕೆರೆಗೋಡು ಹೊಲಕ್ಕೆ ಬಂಗಾರ. ಆದರೆ ಜೆಸಿಬಿ ಇಳಿಸಿ ದಂಡೆಯಿಂದಲೇ ಕಡಿದಾಗಿ ತೋಡಿದರೆ ಕೆರೆ ಬಾವಿಯಾಗುತ್ತದೆ. ಬಣ್ಣದ ಕೊಕ್ಕರೆ, ಕೆಂಬರಲುಗಳಿಗೆ ಬೇಕಾದದ್ದು ಗೇಣುದ್ದದ ನೀರು. ಕಾಲು ನೆಲಕ್ಕೆ ತಾಗದ ಕಡೆ ಅವುಗಳಿಗೆ ಊಟವಿಲ್ಲ. ನೀರು ಬಂದು ಸೇರುವ ಕಡೆಯ ಅಂಗಳವನ್ನು ಇಳಿಜಾರಾಗಿಯೇ ಬಿಟ್ಟು, ತೂಬಿನ ಹತ್ತಿರ ಆಳ ಮಾಡಿ, ಅಂಗಳದ ಕರಿಜಾಲಿಗಳನ್ನು ಕಡಿಯದೆ ಹೂಳೆತ್ತಬೇಕು ಎಂದು ಗುತ್ತಿಗೆಯ ಕರಾರಿನಲ್ಲೇ ಬರೆಸಬಹುದು. ಇದಕ್ಕೆ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಡ. ಸಣ್ಣ ನೀರಾವರಿ ಇಲಾಖೆಯೂ ಜಿಲ್ಲಾ ಪಂಚಾಯಿತಿಯೂ ಈ ಐದು ತಾಲ್ಲೂಕುಗಳ ಮಟ್ಟಿಗೆ ಒಂದು ಆದೇಶ ಹೊರಡಿಸಿದರೆ ಬರುವ ಬೇಸಿಗೆಯ ಹೂಳೆತ್ತುವ ಕೆಲಸದಿಂದಲೇ ಶುರು ಮಾಡಬಹುದು.