ಅರಿವಳಿಕೆ: ಒಂದು ಐತಿಹಾಸಿಕ ವಿವೇಚನೆ

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠನು 1792ರಲ್ಲಿ ಟೀಪೂ ಸುಲ್ತಾನನಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಸೇರಿದನೆಂದು ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರಿನಲ್ಲಿ ವರದಿಮಾಡಿತು. ಶತ್ರುಪಕ್ಷದ ಈ ಬರಹವನ್ನು ಎಚ್ಚರದಿಂದ ಓದಬೇಕು. ಆದರೆ ಅದರಲ್ಲಿನ ಶಸ್ತ್ರಕ್ರಿಯೆಯ ವರ್ಣನೆ ಅಮೂಲ್ಯವಾದುದು. ವರ್ಷಕ್ಕೂ ಮೀರಿದ ಮೇಲೆ, ಪುಣೆಯ ಸಮೀಪದಲ್ಲಿ, ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ರಕ್ತಸಂಚಾರಕ್ಕೆಂದು ಉಳಿಸಿ, ತಿರುಗಿಸಿ ಹೊಸ ಮೂಗನ್ನು ಕೂಡಿಸಿದನು.

ಅಂದು ಅರಿವಳಿಕೆ ಬಳಕೆಗೆ ಬಂದಿರಲಿಲ್ಲ. ಈಥರಿನ ಪ್ರಯೋಗ ಬಾಸ್ಟನ್ನಿನಲ್ಲಿ ಬಹಿರಂಗವಾಗಿ ನಡೆದದ್ದು 1846ರಲ್ಲಿ. 1884ರಲ್ಲಿ ಕಾರ್ಲ್ ಕೋಲರ್ ಕೊಕೇನಿನಿಂದ ಕಣ್ಣನ್ನಷ್ಟೇ ಮರಗಟ್ಟಿಸಿದನು. 1898ರಲ್ಲಿ ಆಗಸ್ಟ್ ಬಿಯರ್ ಅದನ್ನೇ ಬೆನ್ನುಹುರಿಯ ಸುತ್ತಣ ದ್ರವಕ್ಕೆ ಸೇರಿಸಿ ದೇಹದ ಕೆಳಭಾಗವನ್ನು ಮರಗಟ್ಟಿಸಿದನು. ಪ್ರಾದೇಶಿಕ ಅರಿವಳಿಕೆಯು ಬೆಳೆದುಬಂದ ದಾರಿ ಇದು.

ಇದರ ಗುಣಗಳು ಸ್ಪಷ್ಟ: ರೋಗಿಯು ಎಚ್ಚರದಿಂದಿದ್ದು ತಾನೇ ಉಸಿರಾಡುವನು, ಶಸ್ತ್ರಕ್ರಿಯೆಯ ಅನಂತರವೂ ಕೆಲಕಾಲ ನೋವಿರದು, ಹೆರಿಗೆಯ ಶಸ್ತ್ರಕ್ರಿಯೆಯಲ್ಲಿ ತಾಯಿಯು ಶಿಶುವಿನ ಮೊದಲ ಅಳುವನ್ನು ಕೇಳಬಲ್ಲಳು. ಅಪಾಯಗಳೂ ಉಂಟು: ರಕ್ತದೊತ್ತಡ ಕುಸಿಯಬಹುದು, ಕೆಲವರಿಗೆ ತಲೆನೋವು ಬರಬಹುದು, ಅಪರೂಪವಾಗಿ ನರಕ್ಕೆ ಹಾನಿಯಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬೆನ್ನಿಗೆ ಸೂಜಿ ಚುಚ್ಚಿದರೆ ಬಾಳೆಲ್ಲ ಸೊಂಟನೋವೆಂಬ ಭೀತಿಗೆ ಮಾತ್ರ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ಮನೆಯವರಿಗೆ ಇದನ್ನು ತಿಳಿಸಿಹೇಳಬಹುದು. ಕವಾಸ್‌ಜಿಗೆ ದೊರೆಯದ ಈ ಸೌಕರ್ಯವನ್ನು ಭಯದಿಂದ ನಿರಾಕರಿಸದೆ, ವೈದ್ಯರನ್ನು ಕೇಳಿ ತಿಳಿದು ನಿರ್ಧರಿಸುವುದು ಉಚಿತ.